ಎರಡು ಮೆಮೋ, ಒಂದು ಮ್ಯೂಟ್ ಬಟನ್

2017ರ ಆಗಸ್ಟ್, ಎರಡನೇ ವಾರ. ಆಫೀಸಿನ ಕ್ಯಾಂಟೀನಿನಲ್ಲಿ ನಾವು ಏಳು ಜನ ಒಂದೇ ಟೇಬಲ್ಲಿಗೆ ಒತ್ತಿಕೊಂಡು ಕೂತಿದ್ದೆವು. ಸಾಂಬಾರು ಎಂದಿನಂತೆ ನೀರು ನೀರಾಗಿತ್ತು, ಆದರೆ ಅವತ್ತು ಯಾರೂ ಅದನ್ನು ಬೈಯಲಿಲ್ಲ. ಮಾತಾಡೋಕೆ ಬೇರೆ ವಿಷಯ ಸಿಕ್ಕಿತ್ತು. ಗೂಗಲ್‌ನಲ್ಲಿ ಕೆಲಸ ಮಾಡುತ್ತಿದ್ದ ಜೇಮ್ಸ್ ಡಮೋರ್ ಎಂಬ ಇಂಜಿನಿಯರ್ ಹತ್ತು ಪುಟದ ಒಂದು ಮೆಮೋ ಬರೆದಿದ್ದ. ಅದು ಹೊರಗೆ ಸೋರಿ, ದೊಡ್ಡ ಗುಲ್ಲಾಗಿ, ಆಗಸ್ಟ್ 7ರಂದು ಕಂಪನಿ ಅವನನ್ನು ಕೆಲಸದಿಂದ ತೆಗೆದಿತ್ತು. ‘ಮಾತಾಡಿದ್ದಕ್ಕೆ ಕೆಲಸದಿಂದ ತೆಗೀತಾರಾ? ಇದ್ಯಾವ ನ್ಯಾಯ?’ ಅಂತ ಒಬ್ಬ. ‘ಪಕ್ಕದಲ್ಲಿ ಕೂತವರಿಗೆ ನೀನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅಂದ್ರೆ ಸುಮ್ನಿರ್ಬೇಕಾ?’ ಅಂತ ಇನ್ನೊಬ್ಬ. ನಾನು ಮೊದಲನೆಯವನ ಕಡೆ. ಮೆಮೋದ ಲಿಂಕನ್ನು ಟೀಮಿನ ವಾಟ್ಸ್ಯಾಪ್ ಗುಂಪಿಗೆ ಹಾಕಿದವನೂ ನಾನೇ, ಜೊತೆಗೊಂದು ನಗುವ ಮುಖ ಅಂಟಿಸಿ.

ಅದೇ ಗುರುವಾರ ಸಂಜೆ ನಮ್ಮದೊಂದು ರಿಲೀಸ್ ಕಾಲ್ ಇತ್ತು. ಹೊಸ ವರ್ಷನ್ ಬಿಡೋದಾ, ಬೇಡವಾ ಅಂತ ತೀರ್ಮಾನ ಮಾಡುವ ಕಾಲ್. ನಮ್ಮದು ಸಂಬಳದ ಲೆಕ್ಕ ಹಾಕುವ ಸಾಫ್ಟ್‌ವೇರ್, ಗಿರಾಕಿ ಒಂದು ಕಾರ್ಖಾನೆ. ಅಲ್ಲಿನ ಗುತ್ತಿಗೆ ಕಾರ್ಮಿಕರಿಗೆ ಗೌರಿ ಹಬ್ಬಕ್ಕೆ ಮುಂಚೆ ಸಂಬಳ ಆಗಬೇಕಿತ್ತು, ಆ ವರ್ಷ ಹಬ್ಬ 24ಕ್ಕೇ ಬಂದಿತ್ತು. ಟೆಸ್ಟಿಂಗ್‌ನಲ್ಲಿದ್ದ ನಮ್ಮ ಸಹೋದ್ಯೋಗಿ ಒಂದು ದೋಷ ಹಿಡಿದಿದ್ದಳು. (ಅವಳ ಹೆಸರು ಇಲ್ಲಿ ಬೇಡ.) ತಿಂಗಳ ಮಧ್ಯೆ ಗುತ್ತಿಗೆದಾರ ಬದಲಾದರೆ ಒಬ್ಬನೇ ಕಾರ್ಮಿಕನಿಗೆ ಎರಡು ನಂಬರ್ ಆಗುತ್ತದೆ, ಆಗ ಎರಡರ ಮೇಲೂ ಪಿಎಫ್ ಕಡಿತವಾಗುತ್ತದೆ. ಮೂಲ ವೇತನ ಹತ್ತು ಸಾವಿರ ಇದ್ದವನಿಗೆ ಶೇ. 12ರ ಲೆಕ್ಕದಲ್ಲಿ 1,200 ಹಿಡಿಯಬೇಕಾದ ಕಡೆ 2,400 ಹಿಡಿಯುತ್ತದೆ.

‘ಇದನ್ನ ಸರಿ ಮಾಡದೆ ಬಿಡೋದು ಬೇಡ’ ಅಂದಳು.

‘ಅಂಥವರು ಎಷ್ಟ್ ಜನ ಇರ್ತಾರೆ? ನಾಲ್ಕೋ ಐದೋ. ಮುಂದಿನ ರಿಲೀಸಲ್ಲಿ ನೋಡೋಣ’ ಅಂದರು ನಮ್ಮ ಲೀಡ್.

ಅವಳು ಮತ್ತೆ ಹೇಳಿದಳು. ಆಗ ಲೀಡ್ ನಗುತ್ತಲೇ, ‘ಯಾಕೆ ಇಷ್ಟು ಗಾಬರಿ ನಿಮ್ಗೆ? ಓ, ಹೆಂಗಸರಿಗೆ ಆಂಗ್ಸೈಟಿ ಜಾಸ್ತಿ ಅಂತ ಆ ಮೆಮೋದಲ್ಲೇ ಇತ್ತಲ್ವಾ’ ಅಂದರು. ಕಾಲ್‌ನಲ್ಲಿ ನಾಲ್ಕೈದು ಜನ ನಕ್ಕರು.

ಆ ಭಾಗದ ಕೋಡ್ ಬರೆದವನು ನಾನು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ ಅಂತ ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಖಚಿತವಾಗಿ ಗೊತ್ತಿತ್ತು. ‘ಬೇರೆ ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?’ ಅಂತ ಲೀಡ್ ಕೇಳಿದರು. ನನ್ನ ಫೋನು ಮ್ಯೂಟ್‌ನಲ್ಲಿತ್ತು. ಬೆರಳು ಆ ಬಟನ್ ಮೇಲೇ ಇತ್ತು. ಒತ್ತಲಿಲ್ಲ.

ಅಮೆರಿಕದ ಯಾವನೋ ಇಂಜಿನಿಯರನ ವಾಕ್ ಸ್ವಾತಂತ್ರ್ಯಕ್ಕೆ ಮಧ್ಯಾಹ್ನವೆಲ್ಲ ಗಂಟಲು ಹರಿದುಕೊಂಡವನು ಸಂಜೆ ಐದಕ್ಕೆ ಹೀಗಾದೆ. ಅದಾಗಿ ಇಷ್ಟು ವರ್ಷವಾದರೂ ಇದು ತಲೆಯಿಂದ ಹೋಗಿಲ್ಲ. ಹಾಗಾಗಿ ಆ ಮೆಮೋವನ್ನು ಈಚೆಗೆ ಮತ್ತೊಮ್ಮೆ ಕೂತು ಓದಿದೆ. ಜೊತೆಗೆ ಇನ್ನೊಂದು ಮೆಮೋವನ್ನೂ ಓದಿದೆ. ಅದರ ಕಥೆ ಆಮೇಲೆ ಹೇಳ್ತೀನಿ.

ಮೊದಲು ಡಮೋರ್‌ಗೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಆ ಹತ್ತು ಪುಟವನ್ನು ಪೂರ್ತಿ ಓದದೆಯೇ ಬೈದವರು ಬಹಳ, ಓದದೆಯೇ ಹೊಗಳಿದವರೂ ಅಷ್ಟೇ. ಅವನು ಹೆಂಗಸರು ಕೋಡ್ ಬರೆಯಲಾರರು ಅಂತ ಎಲ್ಲೂ ಬರೆದಿಲ್ಲ. ಅವನ ವಾದ ಇಷ್ಟು: ಕಂಪನಿಯಲ್ಲಿ ಗಂಡು ಹೆಣ್ಣು ಸಮಸಮ ಇಲ್ಲದಿರುವುದಕ್ಕೆ ತಾರತಮ್ಯ ಒಂದೇ ಕಾರಣ ಅಂತ ಎಲ್ಲರೂ ಹಿಡಿದುಕೊಂಡಿದ್ದಾರೆ, ಗುಣ ಸ್ವಭಾವಗಳಲ್ಲಿ ಸರಾಸರಿಯಾಗಿ ಇರುವ ವ್ಯತ್ಯಾಸವೂ ಒಂದು ಭಾಗ ಕಾರಣ ಇರಬಹುದು, ಆದರೆ ಅದನ್ನು ಬಾಯಿಬಿಟ್ಟು ಹೇಳುವ ವಾತಾವರಣ ಇಲ್ಲಿಲ್ಲ. ಎರಡು ಗುಡ್ಡ ಒಂದರ ಮೇಲೊಂದು ಬಿದ್ದಂತಿರುವ ಚಿತ್ರವನ್ನೂ ಹಾಕಿದ್ದಾನೆ. ವ್ಯತ್ಯಾಸಗಳು ಸಣ್ಣವು, ಹಾಗಾಗಿ ಸರಾಸರಿ ನೋಡಿ ಒಬ್ಬ ವ್ಯಕ್ತಿಯ ಬಗ್ಗೆ ಏನೂ ಹೇಳಲಾಗದು ಅಂತಾನೆ. ಕೊನೆಗೆ ಕೆಲವು ಸಲಹೆಗಳಿವೆ. ಅರ್ಧ ದಿನದ ಕೆಲಸಕ್ಕೆ ಅವಕಾಶ ಕೊಡಿ, ಇಂಜಿನಿಯರಿಂಗನ್ನು ಜನ ಕೂಡಿ ಮಾಡುವ ಕೆಲಸವಾಗಿಸಿ, ಈ ಥರದವು. ಇದರಲ್ಲಿ ಚರ್ಚೆ ಮಾಡಬಹುದಾದ್ದು ಬೇಕಾದಷ್ಟಿದೆ. ಅವನನ್ನು ತೆಗೆದ ದಿನ ಸುಂದರ್ ಪಿಚೈ ಸಿಬ್ಬಂದಿಗೆ ಬರೆದ ಪತ್ರದಲ್ಲೂ, ಮೆಮೋದ ಬಹುಪಾಲು ಚರ್ಚೆಗೆ ಯೋಗ್ಯ ಅಂತಲೇ ಇತ್ತು. ಕೆಲವು ಭಾಗಗಳು ಮಾತ್ರ ಕಂಪನಿಯ ನಡಾವಳಿಯ ನಿಯಮವನ್ನು ಮೀರಿವೆ ಅನ್ನೋದು ಅವರ ತಕರಾರು.

ಹಾಗಾದರೆ ಮೆಮೋ ಎಡವಿದ್ದೆಲ್ಲಿ? ನನ್ನ ಪ್ರಕಾರ ಎರಡು ಕಡೆ.

ಮೊದಲನೆಯದು ಪದದ ಆಯ್ಕೆ. ‘ನ್ಯೂರಾಟಿಸಿಸಂ’ ಅನ್ನೋ ಪದ ಬಳಸಿ, ಹೆಂಗಸರಲ್ಲಿ ಅದು ಸರಾಸರಿ ಹೆಚ್ಚು, ಅಂದರೆ ಆತಂಕ ಹೆಚ್ಚು, ಒತ್ತಡ ತಡೆಯುವ ಶಕ್ತಿ ಕಡಿಮೆ ಅಂದ. ಮನಃಶಾಸ್ತ್ರದ ಪುಸ್ತಕದಲ್ಲಿ ಅದು ಒಂದು ಅಳತೆಯ ಹೆಸರು, ಬೈಗುಳ ಅಲ್ಲ, ನಿಜ. ಆದರೆ ಅವನು ಬರೆಯುತ್ತಿದ್ದದ್ದು ಮನಃಶಾಸ್ತ್ರದ ಪತ್ರಿಕೆಗಲ್ಲ. ಸಾವಿರಾರು ಇಂಜಿನಿಯರುಗಳು ಓದುವ ಜಾಗದಲ್ಲಿ, ಅದರಲ್ಲಿ ಅನೇಕರು ಹೆಂಗಸರು, ಅವರಲ್ಲಿ ಕೆಲವರು ನಾಳೆ ಇವನ ಕೋಡ್ ನೋಡುವವರು, ಇವನು ಅವರ ಕೋಡ್ ನೋಡುವವನು. ಕೇಳುವವರು ಯಾರು ಅಂತ ನೋಡಿ ಮಾತಾಡಬೇಕು ಅನ್ನೋದಕ್ಕೆ ಹಾರ್ವರ್ಡ್‌ನಲ್ಲಿ ಓದಿರಬೇಕಿಲ್ಲ. ನಮ್ಮೂರಲ್ಲಿ ಸಾವಿನ ಮನೆಗೆ ಹೋದವರು ಸತ್ತವನ ಸಾಲದ ಮಾತು ಎತ್ತಲ್ಲ. ಸಾಲ ಸುಳ್ಳು ಅಂತಲ್ಲ.

ಎರಡನೆಯದು ಇನ್ನೂ ದೊಡ್ಡದು. ‘ಸರಾಸರಿಯಿಂದ ವ್ಯಕ್ತಿಯನ್ನು ಅಳೆಯಬೇಡಿ’ ಅಂತ ಬರೆದುಬಿಟ್ಟರೆ ಸಾಕು, ಜನ ಹಾಗೇ ಮಾಡ್ತಾರೆ ಅಂತ ನಂಬಿದ. ಆದರೆ ಆ ಎಚ್ಚರಿಕೆಯ ಸಾಲು ಹತ್ತು ಪುಟದ ಒಳಗೇ ಉಳಿಯಿತು, ಹೊರಗೆ ಬಂದದ್ದು ಒಂದು ಪದ ಮಾತ್ರ. ಅದು ಸಮುದ್ರ ದಾಟಿ ಬೆಂಗಳೂರಿನ ಒಂದು ರಿಲೀಸ್ ಕಾಲ್‌ಗೆ ಬಂದಾಗ, ಪಿಎಫ್ ತಪ್ಪಾಗಿ ಕಡಿತವಾಗ್ತಿದೆ ಅನ್ನೋ ಗಟ್ಟಿ ಸತ್ಯವನ್ನು ಹೆಂಗಸಿನ ಗಾಬರಿ ಅಂತ ತಳ್ಳಿಹಾಕೋಕೆ ಸಾಕಾಯಿತು. ಡಮೋರ್ ಇದಕ್ಕೆ ಹೊಣೆಯಾ? ಅಲ್ಲ, ನಮ್ಮ ಲೀಡ್ ಹೊಣೆ, ಲಿಂಕ್ ಹಂಚಿದ ನಾನು ಹೊಣೆ. ಆದರೂ ಆಫೀಸಿನಲ್ಲಿ ‘ಯಾರು ಎಂಥವರು’ ಅನ್ನೋ ಮಾತು ಶುರುವಾದರೆ, ‘ಯಾವುದು ಸರಿ’ ಅನ್ನೋ ಮಾತಿನ ತೂಕ ಕೆಲವರ ಬಾಯಲ್ಲಿ ಇಳಿದುಹೋಗುತ್ತೆ ಅನ್ನೋದನ್ನು ಅವತ್ತು ಕಣ್ಣಾರೆ ಕಂಡೆ.

ಈಗ ಇನ್ನೊಂದು ಮೆಮೋ. ಅದೂ ಜುಲೈ ತಿಂಗಳದ್ದೇ, ಅದನ್ನು ಬರೆದವನೂ ಇಂಜಿನಿಯರೇ. ವರ್ಷ ಮಾತ್ರ 1985.

ರೋಜರ್ ಬಾಯ್ಸ್‌ಜೋಲಿ ಅಮೆರಿಕದ ಯೂಟಾದಲ್ಲಿ ಮಾರ್ಟನ್ ಥಯೋಕಾಲ್ ಕಂಪನಿಯಲ್ಲಿದ್ದ. ನಾಸಾದ ಬಾಹ್ಯಾಕಾಶ ಶಟಲ್‌ಗೆ ಅಕ್ಕಪಕ್ಕ ಕಟ್ಟುವ ಎರಡು ದೊಡ್ಡ ರಾಕೆಟ್‌ಗಳನ್ನು ಮಾಡುತ್ತಿದ್ದದ್ದು ಆ ಕಂಪನಿ. ರಾಕೆಟ್ಟಿನ ತುಂಡುಗಳು ಸೇರುವ ಕಡೆ ಬಿಸಿ ಅನಿಲ ಹೊರಗೆ ನುಗ್ಗದಂತೆ ರಬ್ಬರಿನ ಉಂಗುರಗಳಿದ್ದವು, ಓ-ರಿಂಗ್ ಅಂತಾರೆ. ನಮ್ಮ ಮನೆಯ ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಮಾಡೋ ಕೆಲಸವೇ ಅದರದ್ದೂ. 1985ರ ಜನವರಿಯ ಚಳಿಯಲ್ಲಿ ಹಾರಿ ಬಂದ ರಾಕೆಟ್ಟನ್ನು ಬಿಚ್ಚಿ ನೋಡಿದಾಗ ಮೊದಲನೇ ಉಂಗುರ ದಾಟಿ ಮಸಿ ಬಂದಿತ್ತು. ಚಳಿಗೆ ರಬ್ಬರು ಬಿರುಸಾಗಿ, ಬೇಗ ಕೂರದೆ, ಅನಿಲ ಸೋರಿದೆ ಅನ್ನೋದು ಅವನ ಲೆಕ್ಕ. ಜುಲೈ 31ರಂದು ಕಂಪನಿಯ ಇಂಜಿನಿಯರಿಂಗ್ ಉಪಾಧ್ಯಕ್ಷರಿಗೆ ಚಿಕ್ಕದೊಂದು ಮೆಮೋ ಬರೆದ. ಸುತ್ತಿ ಬಳಸಿ ಹೇಳಲಿಲ್ಲ: ಈ ಸೀಲಿನ ತೊಂದರೆಗೆ ಒಂದು ತಂಡ ಕಟ್ಟಿ ಕೂಡಲೇ ಕೆಲಸಕ್ಕೆ ಹಚ್ಚದಿದ್ದರೆ ಜನ ಸಾಯ್ತಾರೆ ಅನ್ನೋ ಅರ್ಥದಲ್ಲೇ ಬರೆದ.

1986ರ ಜನವರಿ 27ರ ರಾತ್ರಿ. ಮಾರನೇ ದಿನ ಚಾಲೆಂಜರ್ ಹಾರಬೇಕು, ಫ್ಲೋರಿಡಾದಲ್ಲಿ ನೀರು ಹೆಪ್ಪುಗಟ್ಟುವ ಚಳಿ. ಯೂಟಾ, ಅಲಬಾಮಾ, ಫ್ಲೋರಿಡಾ ಮೂರು ಕಡೆಯಿಂದ ಫೋನಿನಲ್ಲಿ ಸಭೆ. ಈಗಿನ ನಮ್ಮ ರಿಲೀಸ್ ಕಾಲ್ ಥರವೇ ಅಂದುಕೊಳ್ಳಿ. ಬಾಯ್ಸ್‌ಜೋಲಿ ಮತ್ತು ಅವನ ಜೊತೆಯ ಆರ್ನಿ ಥಾಂಪ್ಸನ್ ಬೇಡವೇ ಬೇಡ ಅಂದರು. ಸೀಲಿನ ಉಷ್ಣಾಂಶ 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 12 ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಹಾರಿಸಬೇಡಿ ಅನ್ನೋದೇ ಮೊದಲಿಗೆ ಕಂಪನಿಯ ಸಲಹೆಯೂ ಆಗಿತ್ತು. ನಾಸಾದವರಿಗೆ ಹಿಡಿಸಲಿಲ್ಲ. ಥಯೋಕಾಲ್‌ನವರು ಐದು ನಿಮಿಷ ಕೊಡಿ ಅಂತ ಲೈನು ಬಿಟ್ಟು ಒಳಗೊಳಗೇ ಮಾತಾಡಿಕೊಂಡರು. ಐದು ಅರ್ಧ ಗಂಟೆಯಾಯಿತು. ಹಿರಿಯ ಅಧಿಕಾರಿಯೊಬ್ಬರು ಇಂಜಿನಿಯರಿಂಗ್ ಉಪಾಧ್ಯಕ್ಷರಿಗೆ, ಇಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೋ ಅಂದರು. ನಾಲ್ಕು ಮ್ಯಾನೇಜರುಗಳು ಹಾರಿಸಬಹುದು ಅಂತ ಒಪ್ಪಿದರು, ಇಂಜಿನಿಯರುಗಳ ಮತ ಕೇಳಲಿಲ್ಲ. ಮತ್ತೆ ಲೈನಿಗೆ ಬಂದು ತಿಳಿಸಿದಾಗ, ಆ ಕಡೆಯಿಂದ ಬೇರೆ ಅಭಿಪ್ರಾಯ ಯಾರಿಗಾದರೂ ಇದೆಯಾ ಅಂತ ಒಂದು ಮಾತು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ.

ಮಾರನೇ ದಿನ ಚಾಲೆಂಜರ್ ಹಾರಿದ 73 ಸೆಕೆಂಡಿಗೆ ಒಡೆದು ಚೂರಾಯಿತು. ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್ ಸೇರಿ ಏಳು ಜನ ಸತ್ತರು.

ಬಾಯ್ಸ್‌ಜೋಲಿ ತನಿಖಾ ಆಯೋಗದ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದ, ಕಾಗದಪತ್ರ ಕೊಟ್ಟ. ಆಮೇಲೆ ಕಂಪನಿಯಲ್ಲಿ ಜೊತೆಗಾರರೇ ಅವನನ್ನು ದೂರ ಇಟ್ಟರು, ಕೊನೆಗೆ ಕೆಲಸ ಬಿಟ್ಟ. ಹಾರಿಸಲು ಒಪ್ಪಿಗೆಯ ಸಹಿ ಹಾಕಲ್ಲ ಅಂದಿದ್ದ ಅಲನ್ ಮೆಕ್‌ಡೊನಾಲ್ಡ್ ಅನ್ನೋ ಇನ್ನೊಬ್ಬ ಹಿರಿಯ ಇಂಜಿನಿಯರನ್ನು ಹುದ್ದೆಯಿಂದ ಇಳಿಸಿದರು, ಅಲ್ಲಿನ ಸಂಸತ್ತು ಮಧ್ಯೆ ಬಂದ ಮೇಲೇ ಅವನಿಗೆ ಜಾಗ ವಾಪಸ್ ಸಿಕ್ಕಿದ್ದು.

ನಮ್ಮಲ್ಲೂ ಇಂಥವರಿದ್ದರು. ಐಐಟಿ ಕಾನ್ಪುರದಲ್ಲಿ ಓದಿದ್ದ ಸತ್ಯೇಂದ್ರ ದುಬೆ, ಸುವರ್ಣ ಚತುಷ್ಪಥ ಹೆದ್ದಾರಿ ಕೆಲಸದಲ್ಲಿ ನಡೆಯುತ್ತಿದ್ದ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದ. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದ. ಪತ್ರ ಹೆಸರಿನ ಸಮೇತ ಟೇಬಲ್ಲಿಂದ ಟೇಬಲ್ಲಿಗೆ ಓಡಾಡಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವನ ಕೊಲೆಯಾಯಿತು.

ಈಗ ಎರಡೂ ಮೆಮೋಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡನ್ನೂ ಬರೆದದ್ದು ಕೆಳಗಿನ ಇಂಜಿನಿಯರು, ಎರಡೂ ಮೇಲಿನವರಿಗೆ ಕಹಿ, ಬರೆದ ಇಬ್ಬರೂ ನೌಕರಿ ಕಳೆದುಕೊಂಡರು. ಅದಕ್ಕೇ ವಾಕ್ ಸ್ವಾತಂತ್ರ್ಯದ ಭಾಷಣ ಮಾಡುವವರು ಇಬ್ಬರನ್ನೂ ಒಂದೇ ಗಾಡಿಗೆ ಹತ್ತಿಸಿಬಿಡ್ತಾರೆ. ನಾನೂ ಕ್ಯಾಂಟೀನಿನಲ್ಲಿ ಅದನ್ನೇ ಮಾಡಿದ್ದೆ. ಆದರೆ ಬಾಯ್ಸ್‌ಜೋಲಿ ಬರೆದದ್ದು ಒಂದು ಉಂಗುರದ ಬಗ್ಗೆ. ತಣ್ಣೀರಿನಲ್ಲಿ ಅದ್ದಿ ನೋಡಬಹುದಾದ ವಸ್ತುವಿನ ಬಗ್ಗೆ. ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಎಲ್ಲರೆದುರು ಐಸ್ ನೀರಿನ ಲೋಟದಲ್ಲಿ ಆ ರಬ್ಬರನ್ನು ಅದ್ದಿ ತೋರಿಸಿಯೂಬಿಟ್ಟರು. ಅವನು ಹೇಳಿದ್ದು ತಪ್ಪಾಗಿದ್ದರೆ ಯಾರಿಗೂ ನೋವಿಲ್ಲ, ಒಂದು ದಿನದ ತಡ ಅಷ್ಟೇ. ಡಮೋರ್ ಬರೆದದ್ದು ಜೊತೆಯಲ್ಲಿ ಕೂತವರ ಬಗ್ಗೆ. ಅದು ತಪ್ಪಾಗಿದ್ದರೆ ಬೆಲೆ ತೆರುವವರು ಅವನಲ್ಲ, ಅವರು. ಸರಿಯಾಗಿದ್ದರೂ ನಾಳೆ ಬೆಳಗ್ಗೆ ಯಾರ ಕೋಡನ್ನೂ ಅದು ಸರಿ ಮಾಡಲ್ಲ.

ಹಾಗಂತ ಜನರ ಬಗ್ಗೆ, ನೀತಿಯ ಬಗ್ಗೆ ಆಫೀಸಿನಲ್ಲಿ ಮಾತೇ ಬೇಡ ಅಂತ ನಾನು ಹೇಳ್ತಿಲ್ಲ. ಸಂಬಳ, ಬಡ್ತಿ, ನೇಮಕಾತಿ ಎಲ್ಲ ಜನರ ಬಗ್ಗೆಯೇ ಅಲ್ವಾ? ಆದರೆ ಮೊದಲನೇ ಥರದ ಮಾತಿಗೆ ಬೇಕಾದ್ದು ಧೈರ್ಯ ಮಾತ್ರ. ಎರಡನೇ ಥರದ ಮಾತಿಗೆ ಧೈರ್ಯದ ಜೊತೆ ವಿವೇಕವೂ ಬೇಕು. ಕಾಮನ್ ಸೆನ್ಸನ್ನು ‘ಸಾಮಾನ್ಯ ಜ್ಞಾನ’ ಅಂತ ಅನುವಾದಿಸಿ ನಾವು ಕೆಟ್ಟೆವು. ಸಾಮಾನ್ಯ ಜ್ಞಾನ ಅಂದರೆ ಕೆಎಎಸ್ ಪರೀಕ್ಷೆಗೆ ಓದೋ ದಪ್ಪ ಪುಸ್ತಕ. ನಮ್ಮಮ್ಮ ಹೇಳುವ ‘ಸ್ವಲ್ಪ ತಿಳುವಳಿಕೆ ಇಟ್ಕೊಂಡು ಮಾತಾಡು’ ಅನ್ನೋದೇ ಸರಿಯಾದ ಪದ.

ಕಾನೂನು ಏನಂತೆ? ನಿರಾಸೆಯ ಉತ್ತರ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಕಂಪನಿಯನ್ನಲ್ಲ. ಸರ್ಕಾರಿ ನೌಕರನಿಗೂ ಹಿಂದೆ ಅದು ಸಿಗುತ್ತಿರಲಿಲ್ಲ. 1892ರಲ್ಲಿ ಹೋಮ್ಸ್ ಎಂಬ ನ್ಯಾಯಾಧೀಶರು, ಪೊಲೀಸನಿಗೆ ರಾಜಕೀಯ ಮಾತಾಡುವ ಹಕ್ಕಿರಬಹುದು, ಆದರೆ ಪೊಲೀಸಾಗಿಯೇ ಇರುವ ಹಕ್ಕಿಲ್ಲ ಅನ್ನೋ ಅರ್ಥದ ತೀರ್ಪು ಕೊಟ್ಟಿದ್ದರು. ಕೆಲಸದ ಸ್ಥಿತಿಗತಿಯ ಬಗ್ಗೆ ನೌಕರರು ಸೇರಿ ಮಾತಾಡುವುದಕ್ಕೆ 1935ರ ಒಂದು ಕಾರ್ಮಿಕ ಕಾನೂನು ರಕ್ಷಣೆ ಕೊಡುತ್ತದೆ. ಡಮೋರ್ ಅದರಡಿ ದೂರು ಕೊಟ್ಟ. ಕಾರ್ಮಿಕ ಮಂಡಳಿಯ ವಕೀಲರು 2018ರ ಜನವರಿಯಲ್ಲಿ ಕೊಟ್ಟ ಅಭಿಪ್ರಾಯ ಏನೆಂದರೆ, ಮೆಮೋದ ಒಂದಷ್ಟು ಭಾಗಕ್ಕೆ ರಕ್ಷಣೆ ಸಿಗಬಹುದು, ಹೆಣ್ಣು ಗಂಡಿನ ಜೈವಿಕ ವ್ಯತ್ಯಾಸದ ಭಾಗಕ್ಕೆ ಸಿಗದು, ಕಂಪನಿ ತೆಗೆದದ್ದು ಆ ಭಾಗಕ್ಕೆ, ಹಾಗಾಗಿ ಕಾನೂನು ಮೀರಿಲ್ಲ. ದೂರನ್ನು ಅವನೇ ವಾಪಸ್ ಪಡೆದ.

ನಮ್ಮಲ್ಲಿ ಸಂವಿಧಾನದ 19(1)(ಎ) ಇದೆ. ಅದೂ ಮುಖ್ಯವಾಗಿ ಸರ್ಕಾರದ ಎದುರಿನ ಹಕ್ಕು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಕೌಶಲ್ ಕಿಶೋರ್ ಪ್ರಕರಣದಲ್ಲಿ, 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ಸರ್ಕಾರವಲ್ಲದವರ ವಿರುದ್ಧವೂ ಜಾರಿ ಮಾಡಿಸಬಹುದು ಅಂತ ಬಹುಮತದಿಂದ ಹೇಳಿತು. ಒಪ್ಪದೆ ಬೇರೆ ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಆದರೆ ಆ ತೀರ್ಪಿನ ಪ್ರತಿ ಹಿಡಿದು ಎಚ್‌ಆರ್ ಕೋಣೆಗೆ ಹೋದರೆ ಏನಾಗುತ್ತೆ ಅಂತ ನಿಮಗೂ ಗೊತ್ತು ನನಗೂ ಗೊತ್ತು. ನಾವು ಸೇರುವಾಗ ಓದದೆ ಸಹಿ ಹಾಕಿದ ಆಫರ್ ಲೆಟರಿನಲ್ಲಿ ನೋಟಿಸ್ ಅವಧಿ ಎಷ್ಟು ಅಂತ ಇರುತ್ತಲ್ಲ, ಆಫೀಸಿನಲ್ಲಿ ನಮ್ಮ ವಾಕ್ ಸ್ವಾತಂತ್ರ್ಯದ ಉದ್ದ ಸುಮಾರು ಅಷ್ಟೇ.

ಇನ್ನು ಕಂಪನಿಯ ಕಡೆ ನೋಡೋಣ. ಡಮೋರ್‌ನ ವಿವೇಕ ಕಡಿಮೆಯಾಯಿತು ಅಂದೆ, ಕಂಪನಿಯದ್ದೇನು ಹೆಚ್ಚಿರಲಿಲ್ಲ. ವೈವಿಧ್ಯದ ಕಾರ್ಯಕ್ರಮಕ್ಕೆ ಕರೆದು, ಅಭಿಪ್ರಾಯ ಹೇಳಿ ಅಂತ ಕೇಳಿದ್ದರು, ಅದಕ್ಕೇ ಬರೆದೆ ಅಂತ ಅವನು ಹೇಳಿಕೊಂಡಿದ್ದಾನೆ. ಮೆಮೋ ಒಳಗೆ ಕೆಲವು ವಾರ ಓಡಾಡಿತ್ತು. ಆಗ ಯಾರಾದರೂ ಹಿರಿಯರು ಕೂರಿಸಿಕೊಂಡು ‘ಈ ಪದ ಬೇಡಪ್ಪಾ, ಇಲ್ಲಿ ನಿನ್ನ ಲೆಕ್ಕ ಸಾಲದು, ಇಲ್ಲಿ ನೀನು ಹೇಳೋದ್ರಲ್ಲಿ ಅರ್ಥ ಇದೆ’ ಅಂತ ಮಾತಾಡಿದ್ದರೆ? ಅದು ಸೋರಿ ಪತ್ರಿಕೆಗೆ ಬಂದ ಕೆಲವೇ ದಿನದಲ್ಲಿ ಅವನ ಕೆಲಸ ಹೋಯಿತು. ಹೊರಗಿನವನಿಗೆ ಕಾಣೋದು ಇಷ್ಟು: ಒಳಗೆ ಓದಿದಾಗ ಹತ್ತದ ಬಿಸಿ ಪೇಪರಿನಲ್ಲಿ ಬಂದಾಗ ಹತ್ತಿತು. ಇದರಿಂದ ಉಳಿದ ನೌಕರರು ಕಲಿತದ್ದು ಜೊತೆಯವರನ್ನು ಗೌರವಿಸಬೇಕು ಅನ್ನೋದಲ್ಲ, ಬಾಯಿ ಮುಚ್ಚಿಕೊಂಡಿರಬೇಕು ಅನ್ನೋದು.

ಅವತ್ತು ಕಂಪನಿ ಮಾಡಿದ್ದು ಸರಿ ಅಂತ ಚಪ್ಪಾಳೆ ಹೊಡೆದವರಿಗೂ ಒಂದು ಮಾತು. 2018ರ ನವೆಂಬರ್ 1ರಂದು, ಲೈಂಗಿಕ ಕಿರುಕುಳದ ಪ್ರಕರಣಗಳನ್ನು ಕಂಪನಿ ನಿಭಾಯಿಸಿದ ರೀತಿಯ ವಿರುದ್ಧ ಸುಮಾರು 20,000 ಗೂಗಲ್ ನೌಕರರು ಕೆಲಸ ಬಿಟ್ಟು ಹೊರಗೆ ಬಂದು ನಿಂತರು. ಮರುವರ್ಷ ಆಗಸ್ಟ್‌ನಲ್ಲಿ, ಕೆಲಸದ ಹೊತ್ತಿನಲ್ಲಿ ರಾಜಕೀಯ ಚರ್ಚೆ ಬೇಡ ಅನ್ನೋ ಹೊಸ ಮಾರ್ಗಸೂಚಿ ಬಂತು. 2024ರ ಏಪ್ರಿಲ್‌ನಲ್ಲಿ ಇಸ್ರೇಲ್ ಸರ್ಕಾರದ ಜೊತೆಗಿನ ಕ್ಲೌಡ್ ಒಪ್ಪಂದದ ವಿರುದ್ಧ ಆಫೀಸಿನೊಳಗೆ ಧರಣಿ ಕೂತ ಪ್ರಕರಣದಲ್ಲಿ ಹತ್ತಾರು ಜನರನ್ನು ತೆಗೆದರು. 2017ರಲ್ಲಿ ಡಮೋರ್ ವಿರುದ್ಧ ಇದ್ದ ಕೈ, 2024ರಲ್ಲಿ ರಾಜಕೀಯವಾಗಿ ಅವನ ತೀರಾ ಎದುರು ದಿಕ್ಕಿನವರ ವಿರುದ್ಧ ಇತ್ತು. ಕೈ ಒಂದೇ. ನಮಗಾಗದವನ ಬಾಯಿ ಮುಚ್ಚಿಸೋಕೆ ಕೊಟ್ಟ ಬೀಗ ನಮ್ಮ ಬಾಗಿಲಿಗೂ ಸರಿಹೊಂದುತ್ತೆ.

ನಮ್ಮೂರಿನ ಹಾಲಿನ ಡೇರಿ ನೆನಪಾಗುತ್ತೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ಸಂಘದ ವಾರ್ಷಿಕ ಮಹಾಸಭೆಯಲ್ಲಿ ನಮ್ಮಪ್ಪ ಎದ್ದು ನಿಂತು, ‘ಸೆಕ್ರೆಟ್ರಿಗಳೇ, ಮೂರು ತಿಂಗಳಿಂದ ಎಲ್ಲರ ಹಾಲಿಗೂ ಫ್ಯಾಟ್ ಕಡಿಮೆ ಬರ್ತಾ ಐತೆ. ಊರಿನ ಎಮ್ಮೆ ಹಸ ಎಲ್ಲಾ ಒಂದೇ ಸಲ ಕೆಟ್ಟವಾ, ಇಲ್ಲಾ ಮಿಷನ್ ಕೆಟ್ಟೈತಾ?’ ಅಂತ ಕೇಳಿದ್ದರು. ಸಭೆ ಗೊಳ್ಳೆಂದು ನಕ್ಕಿತು. ಸೆಕ್ರೆಟರಿ ಮುಖ ಕೆಂಪಗಾಯಿತು. ಆದರೆ ಮರುವಾರ ಮಿಷನ್ ರಿಪೇರಿಗೆ ಹೋಯಿತು. ಅಪ್ಪ ‘ನೀನು ಕಳ್ಳ’ ಅನ್ನಲಿಲ್ಲ, ‘ಮಿಷನ್ ನೋಡಿ’ ಅಂದರು. ಸೆಕ್ರೆಟರಿಗೂ ಮಾನ ಉಳಿಸಿಕೊಂಡು ಸರಿಪಡಿಸಲು ಒಂದು ದಾರಿ ಬಿಟ್ಟರು. ಇದು ತಿಳುವಳಿಕೆ. ಆದರೆ ಅದಕ್ಕಿಂತ ಮುಖ್ಯವಾದದ್ದು ನನಗೆ ಬಹಳ ತಡವಾಗಿ ಹೊಳೆಯಿತು. ಅಪ್ಪ ಆ ಸಂಘದ ಷೇರುದಾರ. ಅವರಿಗೊಂದು ವೋಟಿತ್ತು. ಸೆಕ್ರೆಟರಿ ಅವರನ್ನು ಡೇರಿಯಿಂದ ತೆಗೆಯೋ ಹಾಗಿರಲಿಲ್ಲ. ನಾನು ಬಿಇ ಮುಗಿಸಿ, ಅಪ್ಪನಿಗಿಂತ ಹತ್ತು ಪಟ್ಟು ಸಂಬಳ ತಗೊಂಡು, ಎಸಿ ರೂಮಿನಲ್ಲಿ ಕೂತರೂ, ‘ಮಿಷನ್ ಕೆಟ್ಟಿದೆ’ ಅನ್ನೋ ಮಾತು ಆಡಲಾರದವನಾದೆ. ಗೃಹಸಾಲದ ಕಂತು ಇತ್ತು, ಅಪ್ರೈಸಲ್ ಹತ್ತಿರ ಇತ್ತು. ಇವೆಲ್ಲ ಕಾರಣಗಳೇ, ಆದರೆ ಅಂದಿನ ಮೌನಕ್ಕೆ ಇವೇ ಪೂರ್ತಿ ಕಾರಣವಲ್ಲ. ಎಲ್ಲರೂ ನಗುತ್ತಿರುವಾಗ ನಗದವನಾಗಿ ಕಾಣೋಕೆ ನನಗೆ ನಾಚಿಕೆಯಾಗಿತ್ತು.

ಆ ರಿಲೀಸ್ ಏನಾಯಿತು ಅಂತ ಹೇಳಿ ಮುಗಿಸ್ತೀನಿ.

‘ನಾಲ್ಕೋ ಐದೋ’ ಅಂದಿದ್ದರಲ್ಲ, ಆ ತಿಂಗಳೇ ಕಾರ್ಖಾನೆಯಲ್ಲಿ ಒಬ್ಬ ದೊಡ್ಡ ಗುತ್ತಿಗೆದಾರ ಬದಲಾಗಿದ್ದ. ಮುನ್ನೂರಕ್ಕೂ ಹೆಚ್ಚು ಜನರಿಗೆ ಎರಡು ಸಲ ಪಿಎಫ್ ಕಡಿತವಾಯಿತು. ಹಬ್ಬದ ಹಿಂದಿನ ದಿನ ಬ್ಯಾಂಕಿನ ಮೆಸೇಜ್ ನೋಡಿ ಅವರೆಲ್ಲ ಗೇಟಿನ ಹತ್ತಿರ ಸೇರಿದರಂತೆ. ದುಡ್ಡು ವಾಪಸ್ ಬಂದಿದ್ದು ಮೂರು ವಾರದ ಮೇಲೆ. ಸಾವಿರದಿನ್ನೂರು ರೂಪಾಯಿ ನನಗೆ ಒಂದು ಭಾನುವಾರದ ಊಟದ ಬಿಲ್ಲು. ಮನೆ ನಡೆಸುವವನಿಗೆ ಹಬ್ಬದ ದಿನ ಅದು ಏನು ಅಂತ, ಡೇರಿ ದುಡ್ಡಲ್ಲಿ ಓದಿದ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ತಪ್ಪು ಹೇಗಾಯಿತು ಅಂತ ನಮ್ಮಲ್ಲಿ ವರದಿ ಬರೆಯುವ ಪದ್ಧತಿ ಇದೆ. ವರದಿಯಲ್ಲಿ ‘ಟೆಸ್ಟಿಂಗ್ ಸಾಕಷ್ಟು ಆಗಿರಲಿಲ್ಲ’ ಅಂತ ಬಂತು. ಅವಳು ದಾಖಲಿಸಿದ್ದ ದೋಷದ ನಂಬರು ಅದರಲ್ಲಿ ಇರಲೇ ಇಲ್ಲ. ಎರಡು ದಿನ ತಡೆದುಕೊಂಡು ನಾನು ಲೀಡ್‌ಗೆ ನಾಲ್ಕು ಸಾಲಿನ ಮೇಲ್ ಬರೆದೆ: ದೋಷ ಮೊದಲೇ ಸಿಕ್ಕಿತ್ತು, ಕೋಡ್ ನನ್ನದು, ತಪ್ಪು ಅಂತ ನನಗೂ ಗೊತ್ತಿತ್ತು. ಅವರೊಬ್ಬರಿಗೇ ಕಳಿಸಿದೆ, ಇನ್ಯಾರನ್ನೂ ಸೇರಿಸಲಿಲ್ಲ. ಉತ್ತರ ಬರಲಿಲ್ಲ, ವರದಿಯೂ ಬದಲಾಗಲಿಲ್ಲ. ಆರು ತಿಂಗಳಿಗೆ ಅವಳು ಕೆಲಸ ಬಿಟ್ಟಳು. ಅದೇ ಕಾರಣವಾ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೊನೆಯ ದಿನ ಎಲ್ಲರಿಗೂ ಮೈಸೂರು ಪಾಕ್ ಹಂಚುತ್ತಾ ನನ್ನ ಡೆಸ್ಕಿಗೆ ಬಂದವಳು, ‘ನೀನು ಅವತ್ತು ಕಾಲ್‌ನಲ್ಲಿ ಇದ್ದೆ ಅಲ್ವಾ?’ ಅಂತಷ್ಟೇ ಕೇಳಿದಳು. ‘ಇದ್ದೆ’ ಅಂದೆ.

ಈಗ ನಾನೂ ಒಂದು ಸಣ್ಣ ಟೀಮಿನ ಲೀಡ್. ಕಂಪನಿ ಬೇರೆ, ಕಾಲ್‌ಗಳು ಅವೇ. ಎರಡು ನಿಯಮ ಮಾಡಿಕೊಂಡಿದ್ದೀನಿ. ಬಿಡೋದಾ ಬೇಡವಾ ಅಂತ ಕೇಳುವಾಗ ತೀರಾ ಕಿರಿಯರಿಂದ ಶುರು ಮಾಡೋದು, ನಾನು ಕೊನೆಯಲ್ಲಿ ಮಾತಾಡೋದು. ‘ಬೇಡ’ ಅಂದವರ ಮಾತನ್ನು ಮೀರಿ ಬಿಟ್ಟರೆ, ಮೀರಿದ್ದು ಯಾರು ಅಂತ ಹೆಸರು ಬರೆದಿಡೋದು. ಹೆಸರು ಬರೀಬೇಕು ಅಂದಾಗ ಎಷ್ಟೋ ಅವಸರಗಳು ತಾನಾಗೇ ಇಳಿದುಹೋಗ್ತವೆ.

ಹೋದ ತಿಂಗಳು ಟೀಮಿಗೆ ಹೊಸದಾಗಿ ಬಂದ ಹುಡುಗ, ನಾನೇ ಬರೆದಿದ್ದ ಒಂದು ಭಾಗಕ್ಕೆ, ‘ಸರ್, ಇದು ಬೇಡ ಅನ್ಸುತ್ತೆ’ ಅಂದ. ಸಂಜೆ ಆರೂವರೆ, ಗಿರಾಕಿ ಲೈನಿನಲ್ಲಿ ಕಾಯ್ತಿದ್ದ. ‘ಯಾಕಪ್ಪಾ ಇಷ್ಟು ಟೆನ್ಶನ್ ಮಾಡ್ಕೋತೀಯಾ’ ಅನ್ನೋ ಮಾತು ನನ್ನ ನಾಲಿಗೆಯ ತುದಿವರೆಗೂ ಬಂದಿತ್ತು. ನುಂಗಿಕೊಂಡೆ. ಎರಡು ದಿನ ತಡವಾಗಿ ಬಿಟ್ಟೆವು. ಅವನು ಹೇಳಿದ ಎರಡು ದೋಷಗಳಲ್ಲಿ ಒಂದು ದೋಷವೇ ಅಲ್ಲ, ಅವನೇ ತಪ್ಪು ತಿಳಿದಿದ್ದ. ಇನ್ನೊಂದು ನಿಜವಿತ್ತು.